ಸಹಾಯ ಬೇಕು: ಎಲೆಕ್ಟ್ರಿಕ್ ಬ್ರಷ್ ರಿಪೇರಿಯೋ, ಹೊಸದೋ?

ಬದಿಯಡ್ಕದ ಹತ್ತಿರ ನಮ್ಮ ಮನೆ. ಎರಡು ವರ್ಷದ ಹಿಂದೆ ಅಳಿಯ ಗಲ್ಫಿನಿಂದ ತಂದುಕೊಟ್ಟ ಎಲೆಕ್ಟ್ರಿಕ್ ಟೂತ್‌ಬ್ರಷ್ ಈ ಮಳೆಗಾಲದಲ್ಲಿ ತಲೆನೋವಾಗಿದೆ. ಹಲ್ಲುಜ್ಜುವ ತುದಿ, ಅಂದರೆ ಹೆಡ್ ಎಳೆದು ತೆಗೆದರೆ ಒಳಗೆಲ್ಲ ಕಪ್ಪು ಲೋಳೆ, ಮುಗ್ಗು ವಾಸನೆ. ಹೆಡ್ ಸಿಕ್ಕಿಸುವ, ಹಿಡಿಯ ಮೇಲಿನ ಲೋಹದ ಕಡ್ಡಿಯ ಬುಡಕ್ಕೆ ಬಾವಿನೀರಿನ ಕೆಂಪು ಕಲೆ ಬೇರೆ. ಇಷ್ಟು ದಿನ ಅದನ್ನೇ ಬಾಯಿಗೆ ಹಾಕುತ್ತಿದ್ದೆನಲ್ಲ ಅಂತ ಹೇಸಿಗೆಯಾಯಿತು!

ಹಳೇ ಹೆಡ್ಡನ್ನು ವಿನೆಗರ್ ಬೆರೆಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿದೆ. ಹಿಡಿಯನ್ನು ನೀರಿಗೆ ಹಾಕಲಿಲ್ಲ, ಕಿವಿಕಡ್ಡಿಯಿಂದ ಒರೆಸಿದೆ ಅಷ್ಟೇ. ಮೂರು ತಿಂಗಳಿಗೊಮ್ಮೆ ಹೆಡ್ ಬದಲಾಯಿಸಬೇಕಂತೆ, ನಾನು ವರ್ಷ ತಳ್ಳಿದ್ದೆ. ಈಗ ಹೊಸದು ಹಾಕಿದೆ.

ಆದರೂ ಎರಡು ಸಮಸ್ಯೆ. ಕಡ್ಡಿಯ ಸುತ್ತ ಇರುವ ರಬ್ಬರ್ ಬಿರುಕು ಬಿಟ್ಟಿದೆ. ರಾತ್ರಿಯಿಡೀ ಚಾರ್ಜಿಗಿಟ್ಟರೂ ಒಂದು ಸಲ ಉಜ್ಜುವುದರೊಳಗೆ ಗುಂಯ್ ಅಂತ ಸೋತು ನಿಲ್ಲುತ್ತದೆ. ಕಾಸರಗೋಡಿನ ಅಂಗಡಿಯವರು "ಬಿಸಾಡಿ, ಹೊಸತು ತಕ್ಕೊಳ್ಳಿ" ಅಂದರು. ಅವರು ಬೇರೇನು ಹೇಳುತ್ತಾರೆ ಬಿಡಿ. ಹೊಸ ಹೆಡ್ಡಿನ ದುಡ್ಡು ದಂಡವಾಗುತ್ತದಲ್ಲ ಅಂತ ನನ್ನ ಸಂಕಟ.

ನನಗೆ ಗೊತ್ತಾಗಬೇಕಾದ್ದು ಇಷ್ಟೇ: ಆ ಬಿರುಕಿನಿಂದ ಒಳಗೆ ನೀರು ಇಳಿದು ಹೀಗಾಗಿದೆಯೋ, ಬ್ಯಾಟರಿಯ ಆಯುಸ್ಸೇ ಮುಗಿದಿದೆಯೋ? ಹಿಡಿ ಬಿಚ್ಚಿಸಿ ರಬ್ಬರ್, ಬ್ಯಾಟರಿ ಹಾಕಿಸಿದವರು ಯಾರಾದರೂ ಇದ್ದೀರಾ, ಎಷ್ಟು ದಿನ ಬಾಳಿಕೆ ಬಂತು?