ಎಳ್ಳಮಾಸಿಗೆ ಐವತ್ತು ಮಂದಿ ಹೊಲಕ್ಕೆ: ಅಡುಗಿ, ಚರಗ, ಹಿರಿಯರ ಕೈಲೆಕ್ಕ, ಗೊತ್ತಿದ್ದವರು ಹೇಳ್ರಿ

ಪ್ರಶ್ನೆ, ಶಹಾಪುರ ತಾಲೂಕಿನಿಂದ

ನಮಸ್ಕಾರ್ರಿ. ಬರೋ ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ನಾಲ್ಕು ತಲೆಮಾರಿನ ಮಂದಿ, ಸಣ್ಣವರು ದೊಡ್ಡವರು ಕೂಡಿ ಐವತ್ತು, ಊರ ಹೊಲಕ್ಕೆ ಹೋಗಬೇಕಂತ ಮಾಡೀವಿ. ಅರ್ಧ ಮಂದಿ ಪುಣೆ, ಬೆಂಗಳೂರಿನಾಗ ಇರೋರು. ಹೊಲ ಲಾವಣಿಗೆ (ಗೇಣಿಗೆ) ಹಚ್ಚೀವಿ. ಅಡುಗಿ ಲೆಕ್ಕ ಪೂರಾ ಗೊತ್ತಿರೋದು ಆಯಿ (ಅಜ್ಜಿ) ಒಬ್ಬಾಕಿಗೇ. ಆಕಿ ಎಲ್ಲಾ ಕೈಯಂದಾಜಿನ ಮ್ಯಾಲ ಮಾಡ್ತಾಳ. ಭಜ್ಜಿ (ಹಸಿಕಾಳು, ಸೊಪ್ಪು ಕೂಡಿಸಿ ಕುದಿಸೋ ಪಲ್ಯ), ರೊಟ್ಟಿ, ಹೋಳಗಿ ಎಷ್ಟೆಷ್ಟು ಬೇಕು, ಯಾವಾಗ ಸುರು ಮಾಡಬೇಕು, ಚರಗದ (ಹೊಲಕ್ಕ ಎಡಿ ಚೆಲ್ಲೋ) ಕ್ರಮ ಹುಡುಗರಿಗೆ ಹೆಂಗ ಕಲಿಸಬೇಕು?

ಕಲಬುರಗಿಯಿಂದ

ಮೊದಲು ತಾರೀಖು ನೋಡ್ರಿ. ಇದು ಮಾರ್ಗಶಿರದ ಅಮಾವಾಸ್ಯೆ. ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದಕ್ಕೆ ಬರ್ತದ, ಅಧಿಕ ಮಾಸ ಬಂದ ವರ್ಷ ಜನವರಿಗೆ ಹೋಗ್ತದ. 2024ರಾಗ ಎರಡು ಸಲ ಬಂತು, ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಒಮ್ಮೆ. 2025ರಾಗ ಡಿಸೆಂಬರ್ 19. ಹಿಂಗಾಗಿ "ಹೋದ ವರ್ಷದಂಗ ತಿಂಗಳ ಕೊನಿಗೆ" ಅಂತ ರಜಾ ಹಾಕಿದವರು ತಪ್ಪಿಸಿಕೊಳ್ತಾರ. ಪಂಚಾಂಗ ನೋಡಿ ದೀಪಾವಳಿಗಿಂತ ಮೊದಲೇ ಎಲ್ಲರಿಗೂ ತಿಳಿಸ್ರಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕಷ್ಟೇ ತೆರೀತದ, 2024ರ ನವೆಂಬರಿಗಿಂತ ಮೊದಲಿದ್ದ 120 ದಿನ ಈಗಿಲ್ಲ. ಉದ್ಯಾನ್, ಬಸವ ಎಕ್ಸ್‌ಪ್ರೆಸ್ ಎರಡೂ ಯಾದಗಿರಿಗೆ ನಿಲ್ತಾವ. ಬುಕಿಂಗ್ ತೆರೆದ ದಿನಾನೇ ಒಬ್ಬರು ಕುಂತು ಎಲ್ಲರದೂ ಮಾಡ್ರಿ.

ಆಳಂದ ಕಡೆಯಿಂದ

ಭಜ್ಜಿ ಲೆಕ್ಕ ನಾ ಹೇಳ್ತೀನ್ರಿ. ಐವತ್ತು ಮಂದಿಗೆ ಸುಲಿದ ಕಾಳು ಇಷ್ಟು: ಹಸಿ ತೊಗರಿ ಒಂದೂವರೆ ಕಿಲೊ, ಹಸಿ ಕಡ್ಲಿ ಒಂದು ಕಿಲೊ, ಬಟಾಣಿ ಒಂದು ಕಿಲೊ, ಅವರಿ ಅರ್ಧ ಕಿಲೊ. ಶೇಂಗಾ ಅರ್ಧ ಕಿಲೊ ರಾತ್ರಿನೇ ನೆನೆ ಹಾಕ್ರಿ. ಕಾಯಿ ಕೊಳ್ಳೋವಾಗ ಒಂದು ಮಾತು ನೆನಪಿರಲಿ: ಕಾಯಿ ತೂಕದ ಅರ್ಧಕ್ಕಿಂತ ಕಡಿಮಿ ಕಾಳು ಸಿಗ್ತಾವ. ಒಂದು ಕಿಲೊ ಕಾಳು ಬೇಕಂದ್ರ ಎರಡೂವರೆ ಕಿಲೊ ಕಾಯಿ ಹಿಡೀರಿ.

ಬದನಿಕಾಯಿ ಒಂದು ಕಿಲೊ, ಗಜ್ಜರಿ ಅರ್ಧ ಕಿಲೊ, ಉಳ್ಳಾಗಡ್ಡಿ ತಪ್ಪಲ ಒಂದು ಕಿಲೊ, ಮೆಂತ್ಯ ಆರು ಸಿವುಡು, ಪಾಲಕ ಎಂಟು ಸಿವುಡು. ಬಾರಿಹಣ್ಣು ಸಿಕ್ಕರ ಎರಡು ಬೊಗಸಿ. ಹಸಿಮೆಣಸಿನಕಾಯಿ 300 ಗ್ರಾಂ, ಬಳ್ಳೊಳ್ಳಿ 200 ಗ್ರಾಂ, ಜೀರಗಿ 50 ಗ್ರಾಂ, ಎಣ್ಣಿ ಅರ್ಧ ಲೀಟರ್, ಹುಣಸಿಹಣ್ಣು ಪಾವ್ ಕಿಲೊ, ಕಡ್ಲಿಹಿಟ್ಟು ಮುಕ್ಕಾಲು ಕಿಲೊ.

ಭಜ್ಜಿ ಕೆಡೋದು ಎರಡೇ ಕಡೆ. ಒಂದು, ಹುಣಸಿ ರಸ ಅವಸರ ಮಾಡಿ ಹಾಕೋದು. ಹುಳಿ ಬಿದ್ದ ಮ್ಯಾಲ ಕಾಳು ಮೆತ್ತಗಾಗೋದಿಲ್ಲ, ಎಷ್ಟು ಕುದಿಸಿದ್ರೂ ಗಟ್ಟಿನೇ. ಕಾಳು ಬೆರಳಿಗೆ ಹಿಚುಕುವಂಗ ಆದ ಮ್ಯಾಲ ಸೊಪ್ಪು, ಸೊಪ್ಪು ಕುಗ್ಗಿದ ಮ್ಯಾಲ ಹುಳಿ. ಎರಡು, ಹಿಟ್ಟು. ಕುದಿಯೋ ಭಜ್ಜಿಗೆ ಒಣಹಿಟ್ಟು ಉದುರಿಸಿದ್ರ ಗಂಟು ಖಾತ್ರಿ. ತಣ್ಣೀರಿನಾಗ ಮಜ್ಜಿಗಿಯಂಗ ತೆಳ್ಳಗ ಕಲಸಿ, ಉರಿ ಸಣ್ಣ ಮಾಡಿ, ಒಬ್ಬರು ಸುರುವಬೇಕು, ಇನ್ನೊಬ್ಬರು ತಿರುವಬೇಕು. ಹಿಟ್ಟು ಬಿದ್ದ ಮ್ಯಾಲ ಹದಿನೈದು ನಿಮಿಷ ಯಾರೂ ಅಲ್ಲಿಂದ ಏಳಬಾರದು, ತಳ ಹಿಡೀತದ. ತಳ ಹಿಡಿದರ ಕೆರೀಬ್ಯಾಡ್ರಿ. ಮ್ಯಾಲಿಂದು ಬ್ಯಾರೆ ಪಾತ್ರೆಗೆ ಬಗ್ಗಿಸ್ರಿ, ಕೆರೆದರ ಪೂರಾ ಭಜ್ಜಿಗೆ ಸೀದ ವಾಸನಿ ಹತ್ತತದ.

ರಾತ್ರಿನೇ ಮಾಡಿ ಇಡಬಾರದು. ಬೆಳಿಗ್ಗೆ ಐದಕ್ಕ ಒಲಿ ಹಚ್ಚಿ, ಹೊಲದಾಗ ಹನ್ನೆರಡು-ಒಂದರೊಳಗ ಉಣ್ರಿ. ಉಳಿದದ್ದು ಮರುದಿನ ರುಚಿ, ಖರೇ, ಆದ್ರ ಸಂಜಿಗೆ ಒಮ್ಮೆ, ಬೆಳಿಗ್ಗೆ ಒಮ್ಮೆ ಕೊತಕೊತ ಕುದಿಸಬೇಕು.

ಸೇಡಂನಿಂದ

ರೊಟ್ಟಿ ತಲೆಗೆ ಮೂರರಂತೆ 150, ಕೈಯಾಗ ಇರಲಿ ಅಂತ 30 ಹೆಚ್ಚು. ಒಂದು ರೊಟ್ಟಿಗೆ 70 ಗ್ರಾಂ ಹಿಟ್ಟು ಹಿಡಿದರ ಹದಿಮೂರು ಕಿಲೊ. ಅರ್ಧ ಸಜ್ಜಿ, ಅರ್ಧ ಜ್ವಾಳ. ಸಜ್ಜಿ ಹಿಟ್ಟು ಭಾಳ ದಿನ ಮೊದಲು ಬೀಸಿಸಬ್ಯಾಡ್ರಿ, ಅದರಾಗ ಎಣ್ಣಿ ಅಂಶ ಹೆಚ್ಚು, ಹತ್ತು ದಿನದಾಗ ಕಹಿ ಆಗ್ತದ. ಹಬ್ಬದ ನಾಲ್ಕು ದಿನ ಮೊದಲು ಗಿರಣಿಗೆ ಕಳಿಸಿದ್ರ ಸಾಕು. ರೊಟ್ಟಿ ಅಂಚು ಸೀಳ್ತಾವಂದ್ರ ನೀರು ಸಾಕಷ್ಟು ಬಿಸಿ ಇರಲಿಲ್ಲಂತ ತಿಳೀರಿ. ಕುದಿಯೋ ಎಸರು ಹಾಕಿ, ಆರಿದ ಮ್ಯಾಲ ಒಂದೊಂದು ರೊಟ್ಟಿ ಹಿಟ್ಟು ಬ್ಯಾರೆ ಬ್ಯಾರೆ ನಾದಬೇಕು. ಎಳ್ಳು ಉದುರ್ತಾವ ಅನ್ನೋರು, ಮೊದಲು ಒದ್ದಿ ಕೈ ಸವರಿ, ಆಮ್ಯಾಲ ಎಳ್ಳು ಚೆಲ್ಲಿ ಅಂಗೈಲೆ ಒತ್ತಿ ಬಡೀರಿ. ಎರಡು ದಿನ ಮೊದಲು ಮಾಡಿ ಒಲಿ ಬದಿಗೆ ನಿಲ್ಲಿಸಿ ಕಡಕ್ ಮಾಡಿದ್ರ ಹಬ್ಬದ ದಿನ ಕೈ ಖಾಲಿ ಇರ್ತಾವ. ಬಿಸಿ ಇದ್ದಾಗ ಡಬ್ಬಿ ಮುಚ್ಚಿದ್ರ ಬೆವತು ಬೂಜು ಬರ್ತದ.

ಶೇಂಗಾ ಹೋಳಗಿ ಮೂರು ದಿನ ಮೊದಲೇ ಮುಗಿಸ್ರಿ, ಅವು ವಾರದ ಮ್ಯಾಲೂ ಇರ್ತಾವ. ಶೇಂಗಾ ಒಂದು ಕಿಲೊ, ಬೆಲ್ಲ ಮುಕ್ಕಾಲು ಕಿಲೊ, ಹುರಿದ ಎಳ್ಳು ಒಂದು ಹಿಡಿ, ಯಾಲಕ್ಕಿ. ನಲವತ್ತರ ಮ್ಯಾಲ ಆಗ್ತಾವ. ಐವತ್ತು ಮಂದಿಗೆ ಇದರ ಎರಡರಷ್ಟು. ಮಿಕ್ಸರ್ ಒಂದೇ ಸಮ ತಿರುವಬ್ಯಾಡ್ರಿ, ಎಣ್ಣಿ ಬಿಟ್ಟು ಮುದ್ದಿ ಆಗ್ತದ, ಲಟ್ಟಿಸೋವಾಗ ಹರೀತದ. ನಿಲ್ಲಿಸಿ ನಿಲ್ಲಿಸಿ ತಿರುವ್ರಿ. ಮುಷ್ಟ್ಯಾಗ ಹಿಡಿದರ ಉಂಡಿ ನಿಲ್ಲಬೇಕು, ಉದುರಿದರ ಒಂದು ಚಮಚ ನೀರು ಚಿಮುಕಿಸ್ರಿ, ಅಷ್ಟೇ.

ಭಾಲ್ಕಿಯಿಂದ

ಅಂಬಲಿ ಬಿಟ್ಟೇಬಿಟ್ರಲ್ಲ! ನಮ್ಮ ಬೀದರ್ ಕಡೆ ಅಂಬಲಿ ಇಲ್ಲದ ಎಳ್ಳಮಾಸಿ ಇಲ್ಲ. ಗಡಿ ಆಚೆ ಲಾತೂರ ಕಡೆ ವೇಳ ಅಮವಾಸ್ಯಾ ಅಂತ ಇದನ್ನೇ ಮಾಡ್ತಾರ, ಅವರಲ್ಲೂ ಭಜ್ಜಿ, ಅಂಬಿಲ, ಪಾಂಡವರ ಪೂಜಿ. ಜ್ವಾಳದ ಹಿಟ್ಟು ಅರ್ಧ ಕಿಲೊ, ನೀರು ಆರು ಲೀಟರ್. ಹಿಂದಿನ ಸಂಜಿ ಕುದಿಸಿ ಆರಿಸ್ರಿ, ಪೂರಾ ತಣ್ಣಗಾದ ಮ್ಯಾಲ ಮೂರು ಲೀಟರ್ ಮಜ್ಜಿಗಿ, ಜಜ್ಜಿದ ಬಳ್ಳೊಳ್ಳಿ, ಜೀರಗಿ, ಉಪ್ಪು. ಬಿಸಿಗೇ ಮಜ್ಜಿಗಿ ಹಾಕಿದ್ರ ಒಡೀತದ. ಮಣ್ಣಿನ ಗಡಗಿ ಇಲ್ಲಾ ಸ್ಟೀಲ್ ಪಾತ್ರೆ. ಕಲಾಯಿ ಹೋದ ಹಿತ್ತಾಳಿ ಕೊಡದಾಗ ಹುಳಿ ಇಡಬ್ಯಾಡ್ರಿ, ಕಿಲುಬು ಬಿಡ್ತದ.

ಚಿಂಚೋಳಿಯಿಂದ

ಅಡುಗೆಯಷ್ಟೇ ಮುಖ್ಯ ಹೊಲದ ತಯಾರಿ. ತೊಗರಿ ಕೊಯ್ದ ಜಾಗದಲ್ಲಿ ನೆಲದಿಂದ ಎದ್ದ ಕೊಯ್ದ ಬುಡಗಳು ಮೊಳೆಯಂತೆ ಚುಚ್ಚುತ್ತವೆ, ಚಪ್ಪಲಿ ದಾಟಿ ಒಳಗೆ ಬರುತ್ತವೆ. ಮಕ್ಕಳಿಗೆ ಬೂಟು ಹಾಕಿಸಿ. ವಾರದ ಹಿಂದೆ ಮಳೆ ಬಿದ್ದಿದ್ದರೂ ಎರೆಮಣ್ಣಿನಲ್ಲಿ ಕಾರು ಇಳಿಸಬೇಡಿ, ರಸ್ತೆಗೆ ನಿಲ್ಲಿಸಿ ಟ್ರ್ಯಾಕ್ಟರ್ ಟ್ರಾಲಿಗೆ ಹುಲ್ಲು, ಮೇಲೆ ಜಮಖಾನೆ ಹಾಸಿ ಹಿರಿಯರನ್ನು ಕರೆದೊಯ್ಯಿರಿ. ಟ್ರಾಲಿ ಹತ್ತಲು ಸಣ್ಣ ಏಣಿ ಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ನೆಲಕ್ಕೆ ಕೂರಲಾಗದವರಿಗೆ ಏಳೆಂಟು ಕುರ್ಚಿ. ಹೆಣ್ಣುಮಕ್ಕಳಿಗೆ ನಾಲ್ಕು ಗಳ, ತಾಡಪಾಲು ಕಟ್ಟಿ ಮರೆ ಮಾಡಿ, ನೀರಿನ ಕೊಡ ಇಡಿ. ಇದಿಲ್ಲ ಎಂದೇ ಎಷ್ಟೋ ಹಿರಿಯ ಹೆಣ್ಣುಮಕ್ಕಳು ನೀರೇ ಕುಡಿಯದೆ ದಿನ ಕಳೆಯುತ್ತಾರೆ. ಕುಡಿಯಲು, ಕೈ ತೊಳೆಯಲು ಕೂಡಿ 200 ಲೀಟರ್ ನೀರು ಒಯ್ಯಿರಿ.

ಸುರಪುರದಿಂದ

ಚರಗದ ಕ್ರಮ. ಬನ್ನಿಗಿಡ ಇದ್ದರ ಅದರ ಬುಡಕ್ಕ, ಇಲ್ಲಂದ್ರ ಬೆಳಿ ನಡುವ, ಐದು ಕಲ್ಲು ತೊಳೆದು ಸುಣ್ಣ ಹಚ್ಚಿ ಪಾಂಡವರಂತ ಇಡ್ತಾರ. ಮ್ಯಾಲ ಜ್ವಾಳದ ದಂಟಿನ ಗೂಡು. ಅರಿಷಿಣ, ಕುಂಕುಮ, ಉಡಿ ತುಂಬೋದು, ಯಾಕಂದ್ರ ಇದು ತುಂಬಿದ ಬಸುರಿ ಭೂಮ್ತಾಯಿಗೆ ಮಾಡೋ ಬಯಕಿ ಊಟ. ಎಡಿ ತೋರಿಸಿದ ಮ್ಯಾಲ ರೊಟ್ಟಿ, ಕಡಬು, ಭಜ್ಜಿ, ಅನ್ನ ಮುರಿದು ಒಂದು ಬುಟ್ಟ್ಯಾಗ ಕಲಸ್ತಾರ. ಮುಂದಿನವರು ಬದುವಿನ ಗುಂಟ ಚೆಲ್ಲತಾ ಹೋಗ್ತಾರ, ಹಿಂದಿನವರು ತಂಬಿಗಿಲೆ ನೀರು ಚಿಮುಕಿಸ್ತಾರ. "ಹುಲ್ಲುಲ್ಲಿಗೋ" ಅಂತ ಒಬ್ಬರು ಕೂಗಿದ್ರ ಉಳಿದವರು ಉತ್ತರ ಕೊಡಬೇಕು. ಆ ಉತ್ತರದ ಮಾತು ಊರೂರಿಗೆ ಬ್ಯಾರೆ, ನಿಮ್ಮ ಆಯಿ ಹೇಳಿದಂಗೇ ಕೂಗಿಸ್ರಿ.

ಹುಡುಗರಿಗೆ ನಿಂತು ನೋಡೋ ಕೆಲಸ ಕೊಡಬ್ಯಾಡ್ರಿ. ಬುಟ್ಟಿ ಒಬ್ಬರಿಗೆ, ತಂಬಿಗಿ ಒಬ್ಬರಿಗೆ, ಕಲ್ಲಿಗೆ ಸುಣ್ಣ ಮೂವರಿಗೆ. ಚರಗದಾಗ ಪ್ಲಾಸ್ಟಿಕ್ ಚೂರು, ಕಾಗದ ಹೋಗದಂಗ ನೋಡ್ಕೊಳ್ಳೋದು ದೊಡ್ಡ ಹುಡುಗರ ಜವಾಬ್ದಾರಿ. ಹಿಂದಿನ ರಾತ್ರಿ ಕಾಯಿ ಸುಲಿಯೋದಕ್ಕ ಎಲ್ಲರನ್ನೂ ಒಂದೇ ಜಮಖಾನಿ ಮ್ಯಾಲ ಕೂಡಿಸ್ರಿ. ಹಳೇ ಮಾತು ಹೊರಬರೋದು ಅಲ್ಲೇ.

ಬೀದರಿನಿಂದ

ಆ ರಾತ್ರಿಯೇ ರೆಕಾರ್ಡ್ ಮಾಡಿ, ಹೊಲದಲ್ಲಿ ಬೇಡ. ಹೊಲದಲ್ಲಿ ಗಾಳಿ ಮಾತನ್ನು ನುಂಗುತ್ತದೆ. ಮೊಬೈಲನ್ನು ಅಜ್ಜಿಯ ಕೈಗೆಟಕುವಷ್ಟು ಹತ್ತಿರ, ಮಡಚಿದ ಬಟ್ಟೆಯ ಮೇಲೆ ಇಡಿ, ಫ್ಯಾನ್ ಆರಿಸಿ. "ನಿಮ್ಮ ಕಾಲದ ಬಗ್ಗೆ ಹೇಳ್ರಿ" ಎಂದರೆ ಯಾರೂ ಹೇಳುವುದಿಲ್ಲ. "ಆ ಹೊಲಕ್ಕೆ ಆ ಹೆಸರು ಯಾಕ ಬಂತು", "ಬಂಡಿಯಾಗ ಯಾರ್ಯಾರು ಕೂಡ್ತಿದ್ರಿ", "ಬೀಸೋವಾಗ ಯಾವ ಪದ ಹಾಡ್ತಿದ್ರಿ" ಎಂದು ಒಂದೊಂದೇ ಕೇಳಿ. ಹಳೆಯ ಫೋಟೊ ಇದ್ದರೆ ಕೈಗೆ ಕೊಟ್ಟು, ಹೇಳಿದ ಹೆಸರುಗಳನ್ನು ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂಬದಿಗೆ ಗೆರೆ ಮೂಡುತ್ತದೆ.

ಕೈಯಂದಾಜಿಗೆ ಉಪಾಯ ಇದೆ. ಅಜ್ಜಿಯನ್ನು ತಡೆದು ತೂಕ ಮಾಡಬೇಡಿ, ಅವರ ಕೈ ತಪ್ಪುತ್ತದೆ. ಹಿಟ್ಟಿನ ಡಬ್ಬಿ, ಉಪ್ಪಿನ ಬಟ್ಟಲು, ಎಣ್ಣೆಯ ಗಿಂಡಿ ಎಲ್ಲವನ್ನೂ ಮೊದಲೇ ತೂಗಿ ಬರೆದಿಡಿ, ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದೇ ಅವರ ಅಳತೆ. ಅಡ್ಡಸೇರು, ಚಟಾಕು ಎಂದು ಹಳೆಯ ಅಳತೆ ಹೇಳಿದರೆ ಮನೆಯ ಸೇರನ್ನೇ ತುಂಬಿ ತೂಗಿ, ಯಾಕೆಂದರೆ ಒಂದೇ ಸೇರಿಗೆ ಜೋಳದ ತೂಕ ಬೇರೆ, ಹಿಟ್ಟಿನ ತೂಕ ಬೇರೆ.

ಪ್ರಶ್ನೆ ಕೇಳಿದವರಿಂದ

ಭಾಳ ಉಪಕಾರ ಆಯ್ತ್ರಿ. ಎರಡು ಮಾತು ಉಳಿದಾವ. ಅಡುಗಿ ಹೊರಗ ಹೇಳಿ ಮಾಡಿಸಬಹುದೇನು? ಲಾವಣಿ ಹೊಲದಾಗ ನಾವು ಚರಗ ಚೆಲ್ಲೋದು ಸರಿಯೇನು?

ಜೇವರ್ಗಿಯಿಂದ

ಜ್ವಾಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಕೊಂಡು ತರ್ರಿ, ಅದರಾಗ ಏನೂ ಕಡಿಮಿ ಆಗೋದಿಲ್ಲ. ಭಜ್ಜಿ ಮಾತ್ರ ಮನ್ಯಾಗೇ ಆಗಲಿ. ಅದನ್ನೂ ಹೊರಗ ಕೊಟ್ಟರ ಕಾಯಿ ಸುಲಿಯೋ ರಾತ್ರಿನೇ ಹೋಗ್ತದ.

ಲಾವಣಿ ಮಾತಿಗೆ ಬಂದ್ರ, ಭೂಮಿ ಕಾಗದದ ಮ್ಯಾಲ ನಿಮ್ದು, ಬೆಳಿ ಅವರ್ದು. ಅವರಿಗೂ ಅವತ್ತೇ ಚರಗ. ಎರಡು ವಾರ ಮೊದಲು ಹೋಗಿ ಕೇಳ್ರಿ, ಯಾವ ಕಡಿ ಬೆಳಿ ನಿಂತದ, ಎಲ್ಲಿ ಕುಂಡ್ರಬಹುದು ಅಂತ. ಕಡ್ಲಿ ಹೂ ಕಾಯಿ ಹಿಡಿದ ಹೊಲದಾಗ ಐವತ್ತು ಮಂದಿ ತುಳಿದ್ರ ಆ ಸಾಲು ಹೋದಂಗ. ಸುಲಗಾಯಿ (ಹಸಿ ಕಡ್ಲಿಕಾಯಿ), ಸೀತನಿ (ಎಳೆ ಜ್ವಾಳದ ತೆನಿ) ಅಂತ ಹುಡುಗರು ಹರ್ಕೊಂಡು ತಿಂತಾವ, ಅದಕ್ಕ ರೊಕ್ಕ ಮೊದಲೇ ಕೊಡ್ರಿ. ಅವರ ಮನಿ ಮಂದಿನೂ ಲೆಕ್ಕಕ್ಕ ಹಿಡಿದು ಭಜ್ಜಿ ಐವತ್ತಕ್ಕಲ್ಲ, ಅರವತ್ತಕ್ಕ ಮಾಡ್ರಿ. ಪೂಜಿ ಕೂಡೇ ಆಗಲಿ, ಚರಗದ ಮೊದಲನೇ ಹಿಡಿ ಬಿತ್ತಿದವರ ಕೈಲೆ ಬೀಳಲಿ, ಆಮ್ಯಾಲ ನಿಮ್ಮ ಆಯಿ.