ಪೋಂಡಾ ಮನೆಗೆ ಜನರೇಟರ್: 5 ಕೆವಿಎ ಸಾಕಾ, 10 ಬೇಕಾ?

ಪೋಂಡಾ_ಮನೆ:
ಎಲ್ಲರಿಗೂ ನಮಸ್ಕಾರ. ನಾವು ಧಾರವಾಡ ಕಡೆಯವರು, ಗೋವಾದ ಪೋಂಡಾ ಹತ್ತಿರ ಸ್ವಂತ ಮನೆ ಇದೆ, ಸುತ್ತ ತೆಂಗು, ಹಲಸು. ಜೂನ್ ಬಂತೆಂದರೆ ಒಂದು ಸೋಗೆ ತಂತಿ ಮೇಲೆ ಬಿದ್ದರೂ ಸಾಕು, ಕರೆಂಟ್ ಹೋಗುತ್ತದೆ. ಕೆಲವು ಸಲ ಇಡೀ ರಾತ್ರಿ ಬರುವುದಿಲ್ಲ. ಇಷ್ಟು ದಿನ ಒಂದು ಬ್ಯಾಟರಿಯ ಇನ್ವರ್ಟರ್‌ನಲ್ಲೇ ನಡೆಯುತ್ತಿತ್ತು. ಈಗ ಅಮ್ಮನಿಗೆ ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮೆಷಿನ್) ಇಡಲು ಡಾಕ್ಟರ್ ಹೇಳಿದ್ದಾರೆ, ನಿಮಿಷಕ್ಕೆ 5 ಲೀಟರಿನದು. ಹೋದ ವಾರ ರಾತ್ರಿ ಎರಡು ಗಂಟೆಗೆ ಇನ್ವರ್ಟರ್ ಕೂಗಿ ಕೂಗಿ ನಿಂತೇ ಹೋಯಿತು. ಆಕ್ಸಿಜನ್ ಸಿಲಿಂಡರ್ ಇತ್ತು, ಹೇಗೋ ಬೆಳಗಾಯಿತು, ಆದರೆ ಆ ರಾತ್ರಿ ಇನ್ನೂ ಕಣ್ಣ ಮುಂದೆ ಇದೆ.

ಜನರೇಟರ್ ತರೋಣ ಅಂತ ಅಂಗಡಿಗೆ ಹೋದರೆ 10 ಕೆವಿಎ (ಜನರೇಟರ್‌ನ ಸಾಮರ್ಥ್ಯದ ಅಳತೆ) ಬೇಕೇ ಬೇಕು ಅಂದರು. ಮನೆಯಲ್ಲಿ ಫ್ರಿಜ್, ನಾಲ್ಕು ಫ್ಯಾನ್, ಲೈಟುಗಳು, ಬಾವಿಗೆ 1 ಎಚ್‌ಪಿ ಪಂಪ್ ಇದೆ, ಎಸಿ ಇಲ್ಲ. ಜೋಡಿಸೋದು ಸುಲಭ, ಎರಡೂ ತುದಿಗೆ ಪ್ಲಗ್ ಇರುವ ವೈರ್ ತಗೊಂಡು ಹಾಲ್‌ನ ಸಾಕೆಟ್‌ಗೆ ಚುಚ್ಚಿದರೆ ಆಯ್ತು ಅಂದ ಅಲ್ಲಿನ ಹುಡುಗ. ಸರಿನಾ?

ವಾಸ್ಕೋ_ವೈರಿಂಗ್:
ಅಣ್ಣ, ಮೊದಲು ಆ ವೈರ್ ವಿಷಯ. ದಯವಿಟ್ಟು ಬೇಡ. ಪ್ಲಗ್ ಕೈ ತಪ್ಪಿ ಹೊರಬಂದರೆ ಅದರ ಪಿನ್‌ಗಳಲ್ಲೇ 230 ವೋಲ್ಟ್ ಇರುತ್ತದೆ. ಮೇನ್ ಸ್ವಿಚ್ ಆರಿಸೋದು ಮರೆತರೆ ಅದಕ್ಕಿಂತ ಘೋರ, ನಿಮ್ಮ ಕರೆಂಟ್ ಬೀದಿಯ ಲೈನಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಉಲ್ಟಾ ಏರಿಸಿ 11,000 ವೋಲ್ಟ್ ಮಾಡಿಬಿಡಬಹುದು. ಲೈನ್ ಸತ್ತಿದೆ ಅಂತ ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಅಲ್ಲೇ ಹೋಗುತ್ತಾನೆ. ನನಗೆ ಕೆಲಸ ಕಲಿಸಿದವರು ಮೊದಲ ದಿನ ಹೇಳಿದ ಮಾತು ಇದು.

ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಸಿಂಗಲ್ ಫೇಸ್ ಆದರೆ ಡಬಲ್ ಪೋಲ್, ಅಂದರೆ ಫೇಸ್ ಜೊತೆ ನ್ಯೂಟ್ರಲ್ಲೂ ಕಡಿಯಬೇಕು. ಒಂದೋ ಲೈನ್, ಇಲ್ಲವೋ ಜನರೇಟರ್, ಎರಡೂ ಒಟ್ಟಿಗೆ ಸೇರುವ ದಾರಿಯೇ ಇರಬಾರದು. ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಅರ್ಥಿಂಗ್ ಕೂಡ ಅವರೇ ಪರೀಕ್ಷೆ ಮಾಡಲಿ.

ಈಗ ಲೆಕ್ಕ. ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್, ಫ್ರಿಜ್ 200, ಫ್ಯಾನ್ ಲೈಟ್ ಸೇರಿ 400 ಇಟ್ಟುಕೊಳ್ಳಿ. ಪಂಪ್ ಓಡುವಾಗ ಸಾವಿರದ ಆಸುಪಾಸು. ಒಟ್ಟು ಸುಮಾರು 2 ಕಿಲೋವ್ಯಾಟ್. 5 ಕೆವಿಎ ಅಂದರೆ ಸಾಮಾನ್ಯವಾಗಿ 4 ಕಿಲೋವ್ಯಾಟ್. ತೊಂದರೆ ಪಂಪ್ ಶುರುವಾಗುವ ಆ ಒಂದೆರಡು ಸೆಕೆಂಡಿನದು, ಆಗ ಅದು ನಾಲ್ಕರಿಂದ ಆರು ಪಟ್ಟು ಕರೆಂಟ್ ಎಳೆಯುತ್ತದೆ. ಅದಕ್ಕೇ ಮೊದಲು ಪಂಪ್ ಒಂದನ್ನೇ ಹಾಕಿ, ಟ್ಯಾಂಕ್ ತುಂಬಿಸಿ, ಆಮೇಲೆ ಉಳಿದದ್ದು. ಹಾಗೆ ನಡೆಸಿದರೆ 5 ಸಾಕು. ದುಡ್ಡು ಕೊಡುವ ಮುಂಚೆ ನಿಮ್ಮ ಪಂಪ್ ಎಳೆಯುತ್ತದಾ ಅಂತ ತೋರಿಸಲು ಹೇಳಿ. 10 ತಗೊಂಡರೆ ರಾತ್ರಿಯೆಲ್ಲ ಸುಮ್ನೆ ಎಣ್ಣೆ ಸುಡುತ್ತೀರಿ ಅಷ್ಟೇ.

ಪೋಂಡಾ_ಮನೆ:
ಬಹಳ ಉಪಕಾರ. ಮಳೆಗೆ ನೆನೆಯಬಾರದು ಅಂತ ಹಿಂದಿನ ವರಾಂಡದಲ್ಲಿ ಇಡೋಣ ಅಂದುಕೊಂಡಿದ್ದೆ, ಗ್ರಿಲ್ ಇದೆ, ಗಾಳಿ ಆಡುತ್ತದೆ.

ಮಡಗಾಂವ್_ಅಕ್ಕ:
ವರಾಂಡದಲ್ಲಿ ಬೇಡ ತಮ್ಮಾ! ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಎದ್ದೇಳುವುದಿಲ್ಲ. ಅಮ್ಮನವರಿಗೆ ಮೊದಲೇ ಉಸಿರಿನ ತೊಂದರೆ, ಕಾನ್ಸಂಟ್ರೇಟರ್ ಕೂಡ ಕೋಣೆಯ ಗಾಳಿಯನ್ನೇ ಎಳೆದು ಕೊಡೋದು ಅಲ್ವಾ. ಕಿಟಕಿ ಬಾಗಿಲಿಂದ 20 ಅಡಿಯಾದರೂ ದೂರ, ನೀರು ನಿಲ್ಲದ ಎತ್ತರದ ಕಟ್ಟೆ ಮೇಲೆ, ನಾಲ್ಕೂ ಕಡೆ ತೆರೆದ ಶೀಟ್ ಚಾವಣಿ ಹಾಕಿಸಿ. ಹೊಗೆ ಕೊಳವೆ ಅಕ್ಕಪಕ್ಕದವರ ಮನೆ ಕಡೆ ಮುಖ ಮಾಡದಿರಲಿ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಬೀದಿಯಲ್ಲಿ ಮರಗಳು ಉರುಳಿ ಎರಡು ದಿನ ಕರೆಂಟ್ ಇರಲಿಲ್ಲ. ನಮ್ಮಲ್ಲಿ ಜನರೇಟರ್ ಇತ್ತು, ಆದರೆ ಹಿಂದಿನ ಮಳೆಗಾಲದ ಪೆಟ್ರೋಲ್ ಟ್ಯಾಂಕಿನಲ್ಲೇ ಹಳಸಿ ಕಾರ್ಬ್ಯುರೇಟರ್ ಕಟ್ಟಿಕೊಂಡಿತ್ತು. ಹಗ್ಗ ಎಳೆದು ಎಳೆದು ಯಜಮಾನರ ತೋಳು ಹಿಡಿದುಕೊಂಡಿತು. ಅಂದಿನಿಂದ ತಿಂಗಳಿಗೊಮ್ಮೆ ಫ್ರಿಜ್ ಫ್ಯಾನ್ ಹಾಕಿ ಇಪ್ಪತ್ತು ನಿಮಿಷ ಓಡಿಸುತ್ತೇವೆ. ಎಣ್ಣೆ ತುಂಬುವ ಮುಂಚೆ ಇಂಜಿನ್ ಆರಿಸಿ ತಣ್ಣಗಾಗಲು ಬಿಡಿ.

ಪುಣೆ_ಕನ್ನಡಿಗ:
ಒಂದು ಮಾತು ಸೇರಿಸುತ್ತೇನೆ, ನಮ್ಮ ತಂದೆಗೂ ಇದೇ ಮೆಷಿನ್ ಇತ್ತು. ಜನರೇಟರ್ ಬಂತು ಅಂತ ಇನ್ವರ್ಟರ್ ತೆಗೆಯಬೇಡಿ. ನೀವು ಕೊಡೆ ಹಿಡಿದು ಹೊರಗೆ ಹೋಗಿ ಅದನ್ನು ಶುರು ಮಾಡುವಷ್ಟರಲ್ಲಿ ಐದು ನಿಮಿಷ ಆಗುತ್ತದೆ, ಆ ಹೊತ್ತು ಮೆಷಿನ್ ನಡೆಸೋದು ಇನ್ವರ್ಟರೇ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇರಲಿ, ಅಂದರೆ ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯ) ಬ್ಯಾಟರಿ ಒಂದು, ಹೊಸದಿದ್ದರೂ ಬರೀ ಕಾನ್ಸಂಟ್ರೇಟರ್‌ಗೆ ಮೂರು ನಾಲ್ಕು ಗಂಟೆ ಬರುತ್ತದೆ, ನಿಮ್ಮದು ಹಳೆಯದು, ಅದಕ್ಕೇ ನಡುರಾತ್ರಿ ಕೈಕೊಟ್ಟಿದೆ. ಎರಡು ಬ್ಯಾಟರಿಯದು ಹಾಕಿಸಿದರೆ ಎಷ್ಟೋ ರಾತ್ರಿ ಜನರೇಟರ್ ಮುಟ್ಟುವುದೇ ಬೇಡ. ಸಿಲಿಂಡರ್ ಮಾತ್ರ ಯಾವಾಗಲೂ ತುಂಬಿರಲಿ.

ಪೋಂಡಾ_ಮನೆ:
ಎಲ್ಲ ಬರೆದುಕೊಂಡೆ. ಹಿತ್ತಲಿನ ಬಾವಿಯ ಆಚೆ ಕಟ್ಟೆ ಕಟ್ಟಿಸಲು ನಾಳೆ ಮೇಸ್ತ್ರಿಯನ್ನು ಕರೆದಿದ್ದೇನೆ, ಅಳೆದು ನೋಡಿದೆ, ಅಮ್ಮನ ಕಿಟಕಿಯಿಂದ 30 ಅಡಿ ಆಗುತ್ತದೆ. ಬ್ಯಾಟರಿ ಈ ವಾರವೇ ತರುತ್ತೇನೆ.