ಅಪ್ಪಯ್ಯನ ಪೆನ್ಶನ್, ಮೂರೂವರೆ ಎಕರೆ ಅಡಿಕೆ: ಐಟಿಆರ್-1 ಸಾಕಾ?

ಕೋಣಂದೂರು ಮಳೆ:

ಅಪ್ಪಯ್ಯ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು, ವಯಸ್ಸು 71. 2024-25ರಲ್ಲಿ ಪೆನ್ಶನ್ 5,10,000, ಎಫ್‌ಡಿ ಬಡ್ಡಿ 62,000. ಬಡ್ಡಿಯಲ್ಲಿ ಬ್ಯಾಂಕಿನವರು 6,200 ಟಿಡಿಎಸ್ (ಬಡ್ಡಿಯಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದಾರೆ. ಜೊತೆಗೆ ಅಡಿಕೆ ತೋಟ. ಮಂಡಿ ಪಟ್ಟಿಗಳನ್ನೆಲ್ಲ ಕೂಡಿದರೆ 8,40,000. ಕೊನೆ ತೆಗೆಸಿದ್ದು, ಸುಲಿಸಿದ್ದು, ಗೊಬ್ಬರ, ಮೈಲುತುತ್ತ ಎಲ್ಲ ಕಳೆದು ಉಳಿದದ್ದು 6 ಲಕ್ಷ.

ಜುಲೈನಲ್ಲಿ ಪೇಟೆಯ ಒಂದು ಸೈಬರ್ ಸೆಂಟರಿನಲ್ಲಿ ಐಟಿಆರ್-1 (ಆದಾಯ ತೆರಿಗೆ ರಿಟರ್ನ್‌ನ ಸರಳ ಫಾರಂ) ತುಂಬಿಸಿಕೊಂಡು ಬಂದೆವು. ತೋಟದ ವಿಷಯ ಹೇಳಿದರೆ "ಕೃಷಿಗೆ ಟ್ಯಾಕ್ಸ್ ಇಲ್ಲ ಸಾರ್, ತೋರಿಸೋದೇ ಬೇಡ" ಅಂದ ಅಲ್ಲಿಯ ಹುಡುಗ. ಅವತ್ತಿಂದ ಅಪ್ಪಯ್ಯನಿಗೆ ನಿದ್ದೆ ಇಲ್ಲ. ಜೀವಮಾನವಿಡೀ ಮಕ್ಕಳ ಕಾಪಿ ಹಿಡಿದವರಿಗೆ ಈಗ ತಾವೇ ಸಿಕ್ಕಿಬೀಳುವ ಭಯ.

ಇಲಾಖೆಯ ಸೂಚನೆಗಳ ಪಿಡಿಎಫ್ ಇಳಿಸಿಕೊಂಡೆ. ಓದಿದಷ್ಟೂ ಮುಗಿಯಲ್ಲ. ಮೂರು ದಿನದಿಂದ ಕರೆಂಟೂ ಇಲ್ಲ. ಎಲ್ಲಿಂದ ಓದಬೇಕು ಅಂತ ಯಾರಾದರೂ ಹೇಳ್ತೀರಾ?

ಗುಡ್ಡದ ಮೇಲೆ:

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಸುಮ್ನೆ ತಲೆ ಕೆಡಿಸ್ಕೊಬೇಡಿ.

ಸಾಗರದ ಚಾಲಿ:

ತೆರಿಗೆ ಇಲ್ಲ ಅನ್ನೋದು ಬೇರೆ, ತೋರಿಸಬೇಡಿ ಅನ್ನೋದು ಬೇರೆ ಮಾರಾಯ್ರೆ. ನಾನು ಇಪ್ಪತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವಳು. ನಮ್ಮನೆಯದ್ದೂ ಇದೇ ಕಥೆ, ಪೆನ್ಶನ್ ಮತ್ತು ತೋಟ.

ಆ ಪಿಡಿಎಫ್ ಮೊದಲಿನಿಂದ ಕೊನೆವರೆಗೆ ಓದುವ ಪುಸ್ತಕ ಅಲ್ಲ. ಶುರುವಿನಲ್ಲಿ ಈ ಫಾರಂ ಯಾರಿಗೆ, ಯಾರಿಗಲ್ಲ ಅಂತ ಇರುತ್ತೆ. ನಾನು 'ಯಾರಿಗಲ್ಲ' ಮಾತ್ರ ಮೊದಲು ಓದ್ತೀನಿ. ಐಟಿಆರ್-1ರಲ್ಲಿ ಅಲ್ಲೇ ನಿಮ್ಮ ಉತ್ತರ ಇದೆ: ಕೃಷಿ ಆದಾಯ 5,000 ದಾಟಿದರೆ ಈ ಫಾರಂ ಆಗಲ್ಲ. ನಿಮ್ಮದು ಐಟಿಆರ್-2. ಅದರಲ್ಲಿ 'ಶೆಡ್ಯೂಲ್ ಇಐ' (ತೆರಿಗೆ ಇಲ್ಲದ ಆದಾಯದ ಪಟ್ಟಿ) ಅಂತ ಹುಡುಕಿ, ಕೃಷಿಯದ್ದೆಲ್ಲ ಅಲ್ಲೇ ಬರೋದು. ಷೇರು, ವಿದೇಶದ ಆಸ್ತಿ ಅಂತ ಬರುವ ಪುಟಗಳನ್ನು ದಾಟಿಸಿಬಿಡಿ.

ಇನ್ನು ತೆರಿಗೆ. ತೋಟದ ದುಡ್ಡಿಗೆ ನೇರವಾಗಿ ತೆರಿಗೆ ಹಾಕಲ್ಲ, ಆದರೆ ಉಳಿದದ್ದಕ್ಕೆ ದರ ಎಷ್ಟು ಅಂತ ನೋಡುವಾಗ ಅದನ್ನೂ ಎಣಿಸ್ತಾರೆ. 2024-25ರ ಹೊಸ ತೆರಿಗೆ ಪದ್ಧತಿಯಲ್ಲಿ ಪೆನ್ಶನ್‌ನಿಂದ 75,000 ಕಳೆದು ಬಡ್ಡಿ ಸೇರಿಸಿ: 4,97,000. ಅದಕ್ಕೆ 6 ಲಕ್ಷ ಕೂಡಿಸಿ, 10,97,000ಕ್ಕೆ ತೆರಿಗೆ 64,550. ಆಮೇಲೆ ತೆರಿಗೆ ಇಲ್ಲದ 3 ಲಕ್ಷದ ಮಿತಿಗೆ ಅದೇ 6 ಲಕ್ಷ ಸೇರಿಸಿ, 9 ಲಕ್ಷಕ್ಕೆ ತೆರಿಗೆ 40,000. ಮೊದಲನೆಯದರಲ್ಲಿ ಎರಡನೆಯದು ಕಳೆದರೆ 24,550. ಒಟ್ಟು ಆದಾಯ 7 ಲಕ್ಷದೊಳಗಿದೆ (ಇಲ್ಲಿ ತೋಟದ್ದು ಸೇರಲ್ಲ), ಹಾಗಾಗಿ 87ಎ ಕಲಮಿನ ತೆರಿಗೆ ರಿಯಾಯಿತಿ 25,000ದವರೆಗೆ ಸಿಗುತ್ತೆ. 450 ರೂಪಾಯಿ ಅಂತರದಲ್ಲಿ ಬಚಾವ್! ಕಟ್ಟುವುದು ಸೊನ್ನೆ, 6,200 ವಾಪಸ್.

ಈಗಾಗಲೇ ಸಲ್ಲಿಸಿದ್ದೀರಿ ಅಂತ ಹೆದರಬೇಡಿ. ಐಟಿಆರ್-2ರಲ್ಲಿ 'ರಿವೈಸ್ಡ್' (ತಿದ್ದಿದ ರಿಟರ್ನ್) ಆರಿಸಿ, ಹಳೇ ಸ್ವೀಕೃತಿ ಸಂಖ್ಯೆ, ತಾರೀಕು ಹಾಕಿ. 2024-25ರ ಆದಾಯಕ್ಕೆ ಡಿಸೆಂಬರ್ 31, 2025 ಇದಕ್ಕೆ ಕೊನೆ ದಿನ. ಅಸೆಸ್‌ಮೆಂಟ್ ವರ್ಷ (ಗಳಿಸಿದ ವರ್ಷದ ಮುಂದಿನದು) 2025-26, ಇದೊಂದು ತಪ್ಪಬೇಡಿ.

ಕೋಣಂದೂರು ಮಳೆ:

ಅಕ್ಕಾ, ಅಪ್ಪಯ್ಯ ನಿಮ್ಮ ಲೆಕ್ಕವನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು ಎರಡು ಸಲ ತಾಳೆ ನೋಡಿದರು. "ಸರಿ ಇದೆ" ಅಂದರು. ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್ ಇದ್ದ ಹಾಗೆ.

ಒಂದು ಸಂಶಯ. ಕೃಷಿ ಆದಾಯ 5 ಲಕ್ಷ ದಾಟಿದ್ದಕ್ಕೆ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತವೋ ಗೇಣಿಯೋ, ನೀರಾವರಿಯೋ ಮಳೆ ಆಶ್ರಿತವೋ ಎಲ್ಲ ಕೇಳ್ತಿದೆ. ಪಹಣಿಯಲ್ಲಿ 3-20 ಅಂತ ಇದೆ. 3.20 ಹಾಕಿದ್ದೀನಿ. ನಮ್ಮ ತೋಟಕ್ಕೆ ಹಳ್ಳದಿಂದ ಪಂಪ್ ಇದೆ. ಮಳೆಗಾಲದಲ್ಲಿ ಮಾತ್ರ ನೀರು ಸಾಕಪ್ಪಾ ಸಾಕು ಅನ್ನುವಷ್ಟು.

ಸಾಗರದ ಚಾಲಿ:

ಅಯ್ಯೋ, 3.20 ಬೇಡ! 40 ಗುಂಟೆಗೆ ಒಂದು ಎಕರೆ, 20 ಗುಂಟೆ ಅಂದ್ರೆ ಅರ್ಧ ಎಕರೆ. 3.5 ಹಾಕಿ. ಇಲ್ಲದಿದ್ದರೆ ಹನ್ನೆರಡು ಗುಂಟೆ ತೋಟ ಫಾರಂನಲ್ಲೇ ಕಳೆದುಹೋಗುತ್ತೆ. ಪಂಪ್ ಇದ್ದರೆ ನೀರಾವರಿ. ಮಂಡಿ ಪಟ್ಟಿ, ಕೂಲಿ ಚೀಟಿ ಒಂದು ಫೈಲಿನಲ್ಲಿಡಿ, ಫಾರಂ ಜೊತೆ ಕಳಿಸುವುದೇನಿಲ್ಲ. ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡದೆ ಬಿಡಬೇಡಿ.

ಗುಡ್ಡದ ಮೇಲೆ:

ನಂದು ತಪ್ಪಾಯ್ತು. ನಾನೂ ನಾಲ್ಕು ವರ್ಷದಿಂದ ಐಟಿಆರ್-1 ಹಾಕ್ತಿದ್ದೀನಿ. ಚಾಲಿ ಅಕ್ಕಾ, ನಿಮಗೊಂದು ಮೆಸೇಜ್ ಹಾಕ್ಲಾ?

ಕೋಣಂದೂರು ಮಳೆ:

ಸಲ್ಲಿಸಿದೆ. ಆಧಾರ್ ಒಟಿಪಿ ಮನೆಯೊಳಗೆ ಬರಲೇ ಇಲ್ಲ. ಸಿಗ್ನಲ್ ಸಿಗೋದು ಕೊಟ್ಟಿಗೆ ಹಿಂದಿನ ಹಲಸಿನ ಮರದ ಹತ್ತಿರ ಮಾತ್ರ. ಅಪ್ಪಯ್ಯ ಕೊಡೆ ಹಿಡಿದು ಅಲ್ಲಿ ನಿಂತು ಆರು ಅಂಕಿ ಒಂದೊಂದಾಗಿ ಕೂಗಿದರು, ನಾನು ಜಗಲಿಯಲ್ಲಿ ಕೂತು ಒತ್ತಿದೆ. ಮೊದಲ ಸಲ 'ಏಳು' ನನಗೆ 'ಏನು' ಅಂತ ಕೇಳಿಸಿತು. ಎರಡನೇ ಒಟಿಪಿಗೆ ಆಯಿತು.